ಶಿರಸಿಯಲ್ಲಿ ಸುರಕ್ಷಿತ ಮುಕ್ತ ಆಪರೇಟಿಂಗ್ ಸಿಸ್ಟಂಗಳ ತರಬೇತಿ ಮತ್ತು ಬೆಂಬಲ ಕೇಂದ್ರ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಶಿರಸಿ ತಾಲೂಕಿನ ಸೇವಾ ಸಹಕಾರಿ ಸಂಘವೊಂದರ ನಿರ್ದೇಶಕ

ಎಲ್ಲರಿಗೂ ನಮಸ್ಕಾರ. ಶಿರಸಿ ಮತ್ತು ಸಿದ್ದಾಪುರ ತಾಲೂಕುಗಳ ಕೆಲವು ಸೇವಾ ಸಹಕಾರಿ ಸಂಘಗಳು ಹಾಗೂ ಎರಡು ಪ್ರೌಢಶಾಲೆಗಳ ಆಡಳಿತ ಮಂಡಳಿಗಳು ಸೇರಿ, ಲಿನಕ್ಸ್ (ಯಾರು ಬೇಕಾದರೂ ಬಳಸಿ, ಬದಲಿಸಬಹುದಾದ ಮುಕ್ತ ತಂತ್ರಾಂಶ) ಆಧಾರಿತ ಸುರಕ್ಷಿತ ಆಪರೇಟಿಂಗ್ ಸಿಸ್ಟಂಗಳನ್ನು ಕಲಿಸುವ ಮತ್ತು ಕಲಿತು ಹೋದವರಿಗೆ ಆಮೇಲೆಯೂ ನೆರವಾಗುವ ಒಂದು ಕೇಂದ್ರವನ್ನು ಕಟ್ಟಬೇಕೆಂದು ಠರಾವು ಮಾಡಿದ್ದೇವೆ. ನಮ್ಮ ಸಂಘದ ಅಡಿಕೆ ಗೋದಾಮಿನ ಮೇಲಿನ ಮಹಡಿ ಖಾಲಿಯಿದೆ. ಅದನ್ನು ಬಾಡಿಗೆಯಿಲ್ಲದೆ ಕೊಡಲು ಎಲ್ಲ ನಿರ್ದೇಶಕರೂ ಒಪ್ಪಿದ್ದಾರೆ. ಸಂಘಗಳಲ್ಲಿ ಬಳಸಿ ಬಿಟ್ಟ ಹದಿನೆಂಟು ಕಂಪ್ಯೂಟರ್‌ಗಳು ಕೈಯಲ್ಲಿವೆ. ಅವುಗಳಲ್ಲಿ ಬಹುಪಾಲು ಇಂಟೆಲ್ ನಾಲ್ಕನೆಯ ತಲೆಮಾರಿನ ಐ3 ಪ್ರೊಸೆಸರ್‌ನವು.

ಈ ವಿಚಾರ ನಮ್ಮ ತಲೆಗೆ ಬರಲು ಎರಡು ಕಾರಣಗಳಿವೆ. ಪಕ್ಕದ ಊರಿನ ಸಂಘವೊಂದರಲ್ಲಿ ಎರಡು ವರ್ಷಗಳ ಹಿಂದೆ ಕಂಪ್ಯೂಟರ್‌ನ ಎಲ್ಲ ಕಡತಗಳೂ ಒಂದೇ ರಾತ್ರಿಯಲ್ಲಿ ಬೀಗ ಬಿದ್ದಂತಾಗಿ, ಹಣ ಕೊಟ್ಟರೆ ಮಾತ್ರ ತೆರೆದುಕೊಡುತ್ತೇವೆ ಎಂಬ ಪತ್ರ ಪರದೆಯ ಮೇಲೆ ಕಾಣಿಸಿಕೊಂಡಿತು. ಪ್ರತಿದಿನ ಬ್ಯಾಕಪ್ ತೆಗೆಯುತ್ತಿದ್ದ ಪೆನ್‌ಡ್ರೈವ್ ಅದೇ ಕಂಪ್ಯೂಟರ್‌ಗೆ ಸಿಕ್ಕಿಸಿಯೇ ಇದ್ದುದರಿಂದ ಅದರಲ್ಲಿದ್ದ ಪ್ರತಿಯೂ ಹಾಳಾಯಿತು. ಹಳೆಯ ಕಿರ್ದಿ, ಖತಾವಣಿಗಳನ್ನು ಮುಂದಿಟ್ಟುಕೊಂಡು ಇಬ್ಬರು ಗುಮಾಸ್ತರು ಮೂರು ತಿಂಗಳು ಕುಳಿತು ಸದಸ್ಯರ ಖಾತೆಗಳನ್ನು ಮತ್ತೆ ಬರೆದರು. ಆ ಯಂತ್ರದಲ್ಲಿದ್ದದ್ದು ಪರವಾನಗಿಯಿಲ್ಲದೆ ಹಾಕಿಸಿದ, ವರ್ಷಗಟ್ಟಲೆ ಅಪ್‌ಡೇಟ್ ಕಾಣದ ವಿಂಡೋಸ್ ಎಂಬುದು ಆಮೇಲೆ ತಿಳಿಯಿತು. ಎರಡನೆಯದಾಗಿ, 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಹಾಗೂ ಇಂಟೆಲ್‌ನ ಎಂಟನೆಯ ತಲೆಮಾರು ಅಥವಾ ಅದರ ಮುಂದಿನ ಪ್ರೊಸೆಸರ್ ಬೇಕಾಗಿರುವುದರಿಂದ, ಚೆನ್ನಾಗಿಯೇ ನಡೆಯುತ್ತಿರುವ ನಮ್ಮ ಹತ್ತಾರು ಯಂತ್ರಗಳು ನಿಯಮದ ಪ್ರಕಾರ ಹಳೆಯ ಸಾಮಾನಾಗಿಬಿಟ್ಟಿವೆ.

ನನ್ನ ಪ್ರಶ್ನೆಗಳು ಇವು. ಯಾವ ಆಪರೇಟಿಂಗ್ ಸಿಸ್ಟಂ ಆರಿಸಬೇಕು? ನಮ್ಮ ಕೆಲವು ಸದಸ್ಯರು ಉತ್ಸಾಹದಿಂದ, ಜಿಲ್ಲೆಯ ಹೆಸರಿನಲ್ಲಿ ನಮ್ಮದೇ ಒಂದು ಲಿನಕ್ಸ್ ರೂಪಿಸೋಣ ಎನ್ನುತ್ತಿದ್ದಾರೆ, ಅದು ಸರಿಯೇ? ಕೇಂದ್ರ ಶಿರಸಿಯಲ್ಲಿರಬೇಕೋ, ಜಿಲ್ಲಾ ಕೇಂದ್ರವಾದ ಕಾರವಾರದಲ್ಲೋ? ಎಲ್ಲಕ್ಕಿಂತ ಹೆಚ್ಚಾಗಿ, ತರಬೇತಿ ಮುಗಿದು ಪ್ರಮಾಣಪತ್ರ ಹಂಚಿದ ಮರುದಿನ ಸಂಘದ ಗುಮಾಸ್ತರ ಮುಂದೆ ಪ್ರಿಂಟರ್ ಕೆಲಸ ಮಾಡದೆ ನಿಂತರೆ, ಕೌಂಟರ್ ಮುಂದೆ ರೈತರು ಸಾಲುಗಟ್ಟಿದ್ದರೆ, ಅವರು ಯಾರಿಗೆ ಫೋನ್ ಮಾಡಬೇಕು? ಈ ಕೊನೆಯ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡುತ್ತಿದೆ.

ಉತ್ತರ 1: ಕಾರವಾರ, ನಿವೃತ್ತ ಸಿಸ್ಟಂ ಆಡಳಿತಗಾರ

ಮಾನ್ಯರೇ, ನಿಮ್ಮ ಕೊನೆಯ ಪ್ರಶ್ನೆಯನ್ನೇ ನಾನು ಮೊದಲಿಗೆ ತರುತ್ತೇನೆ. ಇಪ್ಪತ್ತೆಂಟು ವರ್ಷ ಸರ್ವರ್‌ಗಳನ್ನು ನೋಡಿಕೊಂಡ ಅನುಭವದಿಂದ ಹೇಳುವುದಾದರೆ, ನೀವು ಕಟ್ಟಬೇಕಾದದ್ದು ಬೆಂಬಲ ಕೇಂದ್ರ; ತರಬೇತಿ ಅದರ ಒಂದು ಕೋಣೆ ಮಾತ್ರ. ಲಿನಕ್ಸ್ ಹಾಕುವುದು ಅರ್ಧ ಗಂಟೆಯ ಕೆಲಸ, ಅದನ್ನು ಐದು ವರ್ಷ ಸುಸ್ಥಿತಿಯಲ್ಲಿಡುವುದು ಐದು ವರ್ಷದ ಕೆಲಸ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸ್‌ಗೆ ಹೋಗಲು ನಿರ್ಧರಿಸಿ, 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರ್‌ಗಳನ್ನು ಬದಲಿಸಿತು. 2017ರಲ್ಲಿ ಮತ್ತೆ ವಿಂಡೋಸ್‌ಗೆ ಮರಳಲು ಅಲ್ಲಿಯ ಪರಿಷತ್ತು ಮತ ಹಾಕಿತು. ಕಾರಣಗಳ ಬಗ್ಗೆ ಇಂದಿಗೂ ವಾದಗಳಿವೆ. ನನಗೆ ಅದರಲ್ಲಿ ಕಾಣುವ ಪಾಠ ಒಂದೇ: ಅಷ್ಟು ದೊಡ್ಡ ಸಂಖ್ಯೆಯಲ್ಲಿ ಯಂತ್ರಗಳನ್ನು ಬದಲಿಸುವುದು ಸಾಧ್ಯವಾಯಿತು, ಆದರೆ ದಿನನಿತ್ಯದ ಸಣ್ಣ ಅಸಮಾಧಾನಗಳು ಕರಗದೆ ಉಳಿದರೆ ಆಡಳಿತ ಬದಲಾದ ದಿನ ಅವೇ ದೊಡ್ಡ ವಾದಗಳಾಗುತ್ತವೆ.

ನಿಮ್ಮದೇ ಹೆಸರಿನ ಲಿನಕ್ಸ್ ರೂಪಿಸುವ ಆಲೋಚನೆಯನ್ನು ದಯವಿಟ್ಟು ಈಗಲೇ ಕೈಬಿಡಿ. ಹೊಸ ಹೆಸರು, ಹೊಸ ಹಿನ್ನೆಲೆ ಚಿತ್ರ ಹಾಕಿ ಒಂದು ಡಿಸ್ಟ್ರಿಬ್ಯೂಷನ್ (ಬಳಕೆಗೆ ಸಿದ್ಧವಾದ ಲಿನಕ್ಸ್ ಕಟ್ಟು) ಹೊರತರುವುದು ವಾರದ ಕೆಲಸ. ಆದರೆ ಆ ದಿನದಿಂದ ಕರ್ನೆಲ್ (ವ್ಯವಸ್ಥೆಯ ತಿರುಳು), ಬ್ರೌಸರ್, ಜಾಲದ ಸಂವಹನಕ್ಕೆ ರಕ್ಷಣೆ ಕೊಡುವ ಓಪನ್‌ಎಸ್‌ಎಸ್‌ಎಲ್ ಮೊದಲಾದವುಗಳಲ್ಲಿ ಸಿಗುವ ಪ್ರತಿಯೊಂದು ಲೋಪಕ್ಕೂ ತೇಪೆಯನ್ನು ಸಕಾಲದಲ್ಲಿ ಬಳಕೆದಾರರಿಗೆ ತಲುಪಿಸುವ ಹೊಣೆ ನಿಮ್ಮ ಹೆಗಲಿಗೇರುತ್ತದೆ. ಸರ್ಕಾರದ ಬಲವಿರುವ ಸಿ-ಡ್ಯಾಕ್ ಸಂಸ್ಥೆ 2007ರಿಂದ ಬಾಸ್ ಲಿನಕ್ಸ್ ಅನ್ನು ಡೆಬಿಯನ್ ಎಂಬ ಡಿಸ್ಟ್ರಿಬ್ಯೂಷನ್ ಆಧಾರದ ಮೇಲೆಯೇ ಹೊರತರುತ್ತಿದೆ. ರಕ್ಷಣಾ ಸಚಿವಾಲಯಕ್ಕಾಗಿ 2023ರಲ್ಲಿ ಸುದ್ದಿಯಾದ ಮಾಯಾ ಸಹ ಉಬುಂಟು ಎಂಬ ಇನ್ನೊಂದು ಡಿಸ್ಟ್ರಿಬ್ಯೂಷನ್ ಆಧಾರಿತವೇ. ಗೋದಾಮಿನ ಮಹಡಿಯಿಂದ ಆ ಹೊರೆಯನ್ನು ಎತ್ತಲು ಹೋಗಬಾರದು.

ನನ್ನ ಆಯ್ಕೆ ಡೆಬಿಯನ್‌ನ ಸ್ಥಿರ ಆವೃತ್ತಿ. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ಕ್ಕೆ ಮೂರು ವರ್ಷ ಪೂರ್ಣ ಬೆಂಬಲ, ಆಮೇಲೆ ಎರಡು ವರ್ಷ ದೀರ್ಘಾವಧಿ ಬೆಂಬಲ ಇದೆ. ಉಬುಂಟುವಿನ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ) ಆವೃತ್ತಿಗಳಿಗೂ ಐದು ವರ್ಷದ ಸಾಮಾನ್ಯ ಬೆಂಬಲ ಇರುವುದರಿಂದ ಅದನ್ನು ಆರಿಸಿದರೂ ತಪ್ಪಿಲ್ಲ. ಆದರೆ ಎರಡನ್ನೂ ಬೆರೆಸಬೇಡಿ. ಒಂದೇ ವ್ಯವಸ್ಥೆ, ಒಂದೇ ಡೆಸ್ಕ್‌ಟಾಪ್ ಇದ್ದರೆ ಫೋನಿನಲ್ಲಿ "ಎಡಗಡೆಯ ಮೇಲಿನ ಮೂಲೆ ನೋಡಿ" ಎಂದು ಹೇಳಬಹುದು. ನಿಮ್ಮ ಹಳೆಯ ಐ3 ಯಂತ್ರಗಳಿಗೆ ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್ ಹಗುರವಾಗಿ ಹೊಂದುತ್ತದೆ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ ಅನ್ನು ಕನಿಷ್ಠ 8 ಜಿಬಿ ಮಾಡಿಸಿ. ಬೇರೆ ಯಾವ ಖರ್ಚಿಗಿಂತಲೂ ಈ ಖರ್ಚು ಬಳಕೆದಾರರ ಮನಸ್ಸನ್ನು ಬೇಗ ಗೆಲ್ಲುತ್ತದೆ. ಡೆಬಿಯನ್ 13ರಿಂದ 32 ಬಿಟ್ ಯಂತ್ರಗಳಿಗೆ ಇನ್‌ಸ್ಟಾಲರ್ ಇಲ್ಲ ಎಂಬುದನ್ನು ಮಾತ್ರ ಗಮನಿಸಿ, ಅಂಥವಿದ್ದರೆ ಬೇರೆ ಇಡಿ. ಓಪನ್‌ಬಿಎಸ್‌ಡಿ, ಕ್ಯೂಬ್ಸ್ ಮೊದಲಾದವು ಭದ್ರತೆಗೆಂದೇ ಹೆಸರಾದ ಬೇರೆ ಆಪರೇಟಿಂಗ್ ಸಿಸ್ಟಂಗಳು. ಅವುಗಳನ್ನು ಮುಂದುವರಿದ ವಿದ್ಯಾರ್ಥಿಗಳಿಗೆ ತೋರಿಸಿ, ಬೇಕಾದರೆ ಕೇಂದ್ರದ ಫೈರ್‌ವಾಲ್‌ಗೆ ಓಪನ್‌ಬಿಎಸ್‌ಡಿ ಬಳಸಿ. ಗುಮಾಸ್ತರ ಮೇಜಿಗೆ ಅವು ಬೇಡ.

ಇನ್ನು "ಸುರಕ್ಷಿತ" ಎಂಬ ಪದದ ಬಗ್ಗೆ. ಮುಕ್ತ ತಂತ್ರಾಂಶ ಎಂಬ ಒಂದೇ ಕಾರಣಕ್ಕೆ ಯಾವುದೂ ಸುರಕ್ಷಿತವಾಗುವುದಿಲ್ಲ. ಇನ್‌ಸ್ಟಾಲರ್ ಕಡತವನ್ನು ಇಳಿಸಿಕೊಂಡ ಮೇಲೆ ಅದರ ಡಿಜಿಟಲ್ ಸಹಿಯನ್ನು ಪರಿಶೀಲಿಸುವುದು, ಗುಮಾಸ್ತರ ಖಾತೆಗೆ ಆಡಳಿತಗಾರನ ಅಧಿಕಾರ ಕೊಡದಿರುವುದು, ಭದ್ರತಾ ಅಪ್‌ಡೇಟ್‌ಗಳು ತಾವಾಗಿಯೇ ಬಂದು ಕೂರುವಂತೆ ಮಾಡುವುದು, 2019ರ ಡೆಬಿಯನ್ 10ರಿಂದ ಸಹಜವಾಗಿಯೇ ಚಾಲನೆಯಲ್ಲಿರುವ, ಪ್ರತಿ ತಂತ್ರಾಂಶ ಏನನ್ನು ಮುಟ್ಟಬಹುದೆಂದು ಮಿತಿ ಹಾಕುವ ಆಪ್‌ಆರ್ಮರ್ ಅನ್ನು ಕಿರಿಕಿರಿಯೆಂದು ಯಾರೂ ನಿಲ್ಲಿಸದಂತೆ ನೋಡಿಕೊಳ್ಳುವುದು, ಇವೇ ಸುರಕ್ಷತೆಯ ನಿಜವಾದ ಅಡಿಪಾಯ. ನಿಮ್ಮ ಪಕ್ಕದೂರಿನ ಸಂಘಕ್ಕೆ ಆದದ್ದನ್ನು ತಪ್ಪಿಸಲು ಆಪರೇಟಿಂಗ್ ಸಿಸ್ಟಂಗಿಂತ ಮೊದಲು ಬ್ಯಾಕಪ್ ಪದ್ಧತಿ ಬದಲಾಗಬೇಕು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅವುಗಳಲ್ಲಿ ಒಂದು ಪ್ರತಿ ಬೇರೊಂದು ಕಟ್ಟಡದಲ್ಲಿ. ಸಂಘದ ಎರಡು ಪೋರ್ಟಬಲ್ ಡಿಸ್ಕ್‌ಗಳು ವಾರಕ್ಕೊಮ್ಮೆ ಅದಲುಬದಲಾಗಿ ತಿಜೋರಿಗೆ ಹೋಗಲಿ. ತಿಂಗಳಿಗೊಮ್ಮೆ ಆ ಪ್ರತಿಯಿಂದ ಒಂದು ಖಾತೆಯನ್ನು ನಿಜವಾಗಿ ಮರಳಿ ತೆರೆದು ನೋಡಲಿ. ತೆರೆದು ನೋಡದ ಬ್ಯಾಕಪ್ ಅನ್ನು ನಾನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಡಿಸ್ಕ್ ಗೂಢಲಿಪೀಕರಣದ (ಕೀಲಿಯಿಲ್ಲದೆ ದತ್ತಾಂಶ ಓದಲಾಗದಂತೆ ಮಾಡುವುದು) ವಿಷಯದಲ್ಲಿ ನಮ್ಮ ಜಿಲ್ಲೆಯ ಮಳೆಗಾಲವನ್ನು ನೆನಪಿಡಬೇಕು. ಲಕ್ಸ್ ಎಂಬ ಆ ವಿಧಾನದಲ್ಲಿ ಬೀಗ ಹಾಕಿದ ಯಂತ್ರ ಪ್ರತಿ ಬಾರಿ ಚಾಲೂ ಆಗುವಾಗಲೂ ಪಾಸ್‌ಫ್ರೇಸ್ ಕೇಳುತ್ತದೆ. ದಿನಕ್ಕೆ ಐದಾರು ಬಾರಿ ವಿದ್ಯುತ್ ಹೋಗುವ ಊರಿನಲ್ಲಿ ಯುಪಿಎಸ್ ಸರಿಯಿಲ್ಲದಿದ್ದರೆ ಗುಮಾಸ್ತರು ಬೇಸತ್ತು ಅದನ್ನು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸುತ್ತಾರೆ. ಗುಮಾಸ್ತರು ಕೆಲಸ ಬಿಟ್ಟು ಹೋದರೆ ದತ್ತಾಂಶವೂ ಅವರೊಂದಿಗೇ ಹೋಗುವ ಅಪಾಯವಿದೆ. ಲಕ್ಸ್‌ನ ಎರಡನೆಯ ಆವೃತ್ತಿಯಲ್ಲಿ ಒಂದೇ ಡಿಸ್ಕ್‌ಗೆ 32 ಕೀಲಿಗಳವರೆಗೆ ಇಡಬಹುದು. ಒಂದು ಕೀಲಿ ಗುಮಾಸ್ತರಿಗೆ, ಒಂದು ಕಾರ್ಯದರ್ಶಿಗೆ, ಮೂರನೆಯದು ಅರಗಿನ ಮುದ್ರೆ ಹಾಕಿದ ಲಕೋಟೆಯಲ್ಲಿ ತಿಜೋರಿಯೊಳಗೆ. ಡಿಸ್ಕ್‌ನ ಶಿರೋಭಾಗದ (ಕೀಲಿಗಳ ವಿವರವಿರುವ ಆರಂಭದ ಭಾಗ) ಒಂದು ಪ್ರತಿಯನ್ನು ಬೇರೆ ಕಡೆ ತೆಗೆದಿಡಿ. ಅದು ಕೆಟ್ಟರೆ ಸರಿಯಾದ ಕೀಲಿಯಿದ್ದರೂ ಬೀಗ ತೆರೆಯುವುದಿಲ್ಲ.

ಹಣಕಾಸಿನ ಲೆಕ್ಕವನ್ನು ಈಗಲೇ ಕಾಗದದ ಮೇಲೆ ಹಾಕಿ. ನಲವತ್ತು ಸಂಘಗಳು, ಪ್ರತಿಯೊಂದರಲ್ಲಿ ನಾಲ್ಕು ಕಂಪ್ಯೂಟರ್ ಎಂದುಕೊಂಡರೆ 160 ಯಂತ್ರಗಳು. ಯಂತ್ರಕ್ಕೆ ವರ್ಷಕ್ಕೆ 1,500 ರೂಪಾಯಿ ಶುಲ್ಕ ಇಟ್ಟರೆ 2,40,000 ರೂಪಾಯಿ, ಅಂದರೆ ತಿಂಗಳಿಗೆ 20,000. ಅದು ಒಬ್ಬರ ಸಂಬಳಕ್ಕೂ ಅಷ್ಟಕ್ಕಷ್ಟೇ. ಒಬ್ಬರೇ ಇರುವ ಬೆಂಬಲ ಕೇಂದ್ರ, ಅವರ ಮನೆಯಲ್ಲಿ ಮದುವೆ ಬಂದ ದಿನ ಮುಚ್ಚಿರುತ್ತದೆ. ಆದ್ದರಿಂದ ಶುಲ್ಕವನ್ನು 3,000ಕ್ಕೆ ಏರಿಸಿ, ಇಲ್ಲವೇ ಕರಾವಳಿಯ ಸಂಘಗಳನ್ನೂ ಸೇರಿಸಿಕೊಂಡು ಯಂತ್ರಗಳ ಸಂಖ್ಯೆಯನ್ನು ಇಮ್ಮಡಿಗೊಳಿಸಿ. ತರಬೇತಿಯ ಶುಲ್ಕವನ್ನು ನಂಬಿ ಸಂಬಳ ಕೊಡಲು ಹೋಗಬೇಡಿ. ಮೊದಲ ವರ್ಷದ ಉತ್ಸಾಹ ಇಳಿದ ಮೇಲೆ ಅದು ನಿಲ್ಲುತ್ತದೆ.

ಸ್ಥಳದ ವಿಷಯದಲ್ಲಿ ನಾನು ಕಾರವಾರದವನಾದರೂ ಶಿರಸಿಯ ಪರ. ನಿಮ್ಮ ಬಳಕೆದಾರರು ಅಲ್ಲಿದ್ದಾರೆ. ಆದರೆ ಮಳೆಗಾಲದಲ್ಲಿ ದೇವಿಮನೆ ಘಟ್ಟದ ರಸ್ತೆ ನಿಂತರೆ ಕರಾವಳಿಗೆ ನೀವು ಇಳಿಯಲಾರಿರಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ 66 ಹಲವು ದಿನ ಬಂದಾಗಿ, ಕಾರವಾರ ಅಂಕೋಲೆಯವರು ಕುಮಟೆಗೂ ಸುತ್ತುಬಳಸಿ ಹೋಗಬೇಕಾಯಿತು. ಆದ್ದರಿಂದ ಕುಮಟಾದಲ್ಲಿ ಒಂದು ಸಣ್ಣ ಕೋಣೆ, ಅದರಲ್ಲಿ ಸಿದ್ಧಪಡಿಸಿಟ್ಟ ಎರಡು ಬದಲಿ ಕಂಪ್ಯೂಟರ್, ಬದಲಿ ರೌಟರ್, ಅಡಾಪ್ಟರ್‌ಗಳು ಜೂನ್‌ಗೆ ಮೊದಲೇ ಇರಲಿ. ಸಿಡಿಲಿಗೆ ಮೊದಲು ಬಲಿಯಾಗುವುದು ರೌಟರ್‌ಗಳೇ.

ಉತ್ತರ 2: ಕುಮಟಾ, ಪ್ರೌಢಶಾಲಾ ಶಿಕ್ಷಕಿ

ಕಾರವಾರದ ಹಿರಿಯರು ತರಬೇತಿಯನ್ನು ಒಂದು ಕೋಣೆಗೆ ಸೀಮಿತಗೊಳಿಸಿದ್ದನ್ನು ಗೌರವದಿಂದಲೇ ಸ್ವಲ್ಪ ತಿದ್ದಬಯಸುತ್ತೇನೆ. ಬೆಂಬಲ ಕೊಡುವವರು ಆಕಾಶದಿಂದ ಇಳಿಯುವುದಿಲ್ಲ. ಅವರು ತರಬೇತಿಯ ಕೋಣೆಯಿಂದಲೇ ಬರಬೇಕು.

ಕೇರಳದ ಉದಾಹರಣೆ ನಮಗೆ ಹತ್ತಿರದ್ದು. 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಹೆಸರಿನಲ್ಲಿ ಶುರುವಾಗಿ, 2017ರಲ್ಲಿ ಕೈಟ್ ಎಂಬ ಸರ್ಕಾರಿ ಕಂಪನಿಯಾದ ಅಲ್ಲಿಯ ಯೋಜನೆ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ಬಳಸುತ್ತಿದೆ. ಅದು ಉಳಿದು ಬಂದದ್ದು ಕಂಪ್ಯೂಟರ್ ಕೊಂಡದ್ದರಿಂದಲ್ಲ. ಶಿಕ್ಷಕರಲ್ಲೇ ಕೆಲವರನ್ನು ಆರಿಸಿ, ಅವರನ್ನು ಮಾಸ್ಟರ್ ಟ್ರೇನರ್‌ಗಳಾಗಿ ಬೆಳೆಸಿ, ಅವರು ಉಳಿದ ಶಿಕ್ಷಕರಿಗೆ ಕಲಿಸುವಂತೆ ಮಾಡಿದ್ದರಿಂದ ಎಂದು ನನ್ನ ದೃಢವಾದ ಅಭಿಪ್ರಾಯ. ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿ ಸಂಘಗಳೂ ಅಲ್ಲಿಯ ಪ್ರೌಢಶಾಲೆಗಳಲ್ಲಿವೆ. ನಿಮ್ಮೊಂದಿಗೆ ಎರಡು ಪ್ರೌಢಶಾಲೆಗಳಿರುವುದರಿಂದ ಈ ದಾರಿ ನಿಮಗೂ ತೆರೆದಿದೆ.

ಮೂರು ಬಗೆಯ ಕಲಿಯುವವರನ್ನು ಒಂದೇ ತರಗತಿಯಲ್ಲಿ ಕೂರಿಸಬೇಡಿ. ಸಂಘದ ಗುಮಾಸ್ತರಿಗೆ ಮೂರು ದಿನ ಸಾಕು. ಅವರಿಗೆ ಕರ್ನೆಲ್‌ನ ಇತಿಹಾಸ ಬೇಡ, ಪಾಸ್‌ಬುಕ್ ಮುದ್ರಣ, ಲಿಬ್ರೆಆಫೀಸ್ (ಮುಕ್ತ ಕಚೇರಿ ತಂತ್ರಾಂಶ), ಕನ್ನಡ ಟೈಪಿಂಗ್, ಮೋಸದ ಇಮೇಲ್ ಗುರುತಿಸುವುದು ಬೇಕು. ಶಿಕ್ಷಕರಿಗೆ ಬೇಸಿಗೆ ರಜೆಯ ಎರಡು ವಾರ. ಮೂರನೆಯ ಗುಂಪು ನಿಮ್ಮ ನಿಜವಾದ ಆಸ್ತಿ: ಐಟಿಐ, ಡಿಪ್ಲೊಮಾ ಅಥವಾ ಬಿಸಿಎ ಮುಗಿಸಿ ಊರಿನಲ್ಲೇ ಇರುವ, ಇಲ್ಲವೇ ಮನೆಯ ಹೊಣೆಯಿಂದಾಗಿ ಬೆಂಗಳೂರಿಗೆ ಹೋಗಲಾರದ ಯುವಕ ಯುವತಿಯರು. ಅವರಿಗೆ ಆರು ತಿಂಗಳು ಕಲಿಸಿ, ಅದರಲ್ಲಿ ಕೊನೆಯ ಮೂರು ತಿಂಗಳು ಬೆಂಬಲದ ಫೋನಿನ ಮುಂದೆಯೇ ಕೂರಿಸಿ.

ಅವರಿಗೆ ಹೇಗೆ ಕಲಿಸಬೇಕೆಂಬುದರ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ನಮ್ಮ ಶಾಲೆಯಲ್ಲಿ ಮೊದಲ ವರ್ಷ ನಾನು ಸ್ಲೈಡ್‌ಗಳನ್ನು ತೋರಿಸಿ ಪಾಠ ಮಾಡಿದೆ. ಮಕ್ಕಳು ಪರೀಕ್ಷೆಯಲ್ಲಿ ಚೆನ್ನಾಗಿ ಬರೆದರು, ಯಂತ್ರ ನಿಂತಾಗ ಮಾತ್ರ ನನ್ನ ಮುಖವನ್ನೇ ನೋಡಿದರು. ಎರಡನೆಯ ವರ್ಷ ಪ್ರತಿ ಶನಿವಾರ ನಾನೇ ಯಂತ್ರಗಳನ್ನು ಕೆಡಿಸಿಡತೊಡಗಿದೆ. ಒಂದರಲ್ಲಿ ಬೂಟ್‌ಲೋಡರ್ (ಯಂತ್ರವನ್ನು ಚಾಲೂ ಮಾಡುವ ತಂತ್ರಾಂಶ) ಅಳಿಸಿರುತ್ತಿದ್ದೆ, ಇನ್ನೊಂದರ ಡಿಸ್ಕ್ ಪೂರ್ತಿ ತುಂಬಿಸಿರುತ್ತಿದ್ದೆ, ಮತ್ತೊಂದರಲ್ಲಿ ಕಡತದ ಅನುಮತಿಗಳನ್ನು ಬದಲಿಸಿ ಲಾಗಿನ್ ಆಗದಂತೆ ಮಾಡಿರುತ್ತಿದ್ದೆ. ಒಮ್ಮೆ ಏನನ್ನೂ ಮಾಡದೆ ಕೇವಲ ನೆಟ್‌ವರ್ಕ್ ಕೇಬಲ್ ಸಡಿಲಗೊಳಿಸಿದ್ದೆ, ಆ ದಿನ ಎರಡು ಗುಂಪುಗಳು ಒಂದು ಗಂಟೆ ಸೆಟ್ಟಿಂಗ್‌ಗಳಲ್ಲಿ ಹುಡುಕಿದವು. ಒಂದು ವರ್ಷದಲ್ಲಿ ಒಂಬತ್ತನೆಯ ತರಗತಿಯ ಮಕ್ಕಳು ಲಾಗ್ (ಯಂತ್ರ ಬರೆದಿಡುವ ದಾಖಲೆ) ಓದಿ ಕಾರಣ ಹೇಳುವಷ್ಟು ಬೆಳೆದರು. ನಿಮ್ಮ ಹದಿನೆಂಟು ಯಂತ್ರಗಳಲ್ಲಿ ಆರನ್ನು ಕೆಡಿಸಲಿಕ್ಕೆಂದೇ ಮೀಸಲಿಡಿ.

ಪಾಠ ಕನ್ನಡದಲ್ಲಿರಲಿ. ಬಾಂಬೆ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿನಕ್ಸ್, ಲಿಬ್ರೆಆಫೀಸ್ ಪಾಠಗಳು ಕನ್ನಡದ ಧ್ವನಿಯಲ್ಲೂ ಉಚಿತವಾಗಿ ಸಿಗುತ್ತವೆ, ಅಲ್ಲಿಂದ ಆರಂಭಿಸಬಹುದು. ಆದರೆ ದೋಷ ಸಂದೇಶಗಳನ್ನು ಇಂಗ್ಲಿಷಿನಲ್ಲಿಯೇ ಓದಲು ಕಲಿಸಬೇಕು, ಏಕೆಂದರೆ ಪರಿಹಾರ ಹುಡುಕುವಾಗ ಆ ಸಾಲೇ ಬೇಕಾಗುತ್ತದೆ. ಪರದೆಯ ಭಾಷೆ ಕನ್ನಡವಾಗಿರಬೇಕೇ ಎಂಬುದನ್ನು ಬಳಕೆದಾರರಿಗೇ ಬಿಡಿ. ನಮ್ಮಲ್ಲಿ ಚಿಕ್ಕ ಮಕ್ಕಳು ಕನ್ನಡದ ಮೆನುಗಳನ್ನು ಸಂತೋಷದಿಂದ ಬಳಸಿದರು, ಹಿರಿಯ ಸಿಬ್ಬಂದಿ ಎರಡೇ ದಿನದಲ್ಲಿ ಇಂಗ್ಲಿಷಿಗೆ ಮರಳಿದರು.

ಉತ್ತರ 3: ಹೊನ್ನಾವರ, ಸಹಕಾರಿ ಸಂಘದ ಕಾರ್ಯದರ್ಶಿ

ಶಿರಸಿಯವರಿಗೆ ನಮ್ಮ ಸಂಘದ ಅನುಭವ ಉಪಯೋಗಕ್ಕೆ ಬರಬಹುದು. ನಾವು ನಾಲ್ಕು ಯಂತ್ರಗಳಲ್ಲಿ ಮೂರನ್ನು ಡೆಬಿಯನ್‌ಗೆ ಬದಲಿಸಿದ್ದೇವೆ, ಒಂದನ್ನು ಬದಲಿಸಲಾಗಿಲ್ಲ. ಎಲ್ಲಿ ಸಿಕ್ಕಿಕೊಂಡೆವು ಎಂಬುದನ್ನು ಹೇಳುತ್ತೇನೆ.

ಲೆಕ್ಕಪತ್ರಕ್ಕೆ ಬಳಸುವ ಟ್ಯಾಲಿ ವಿಂಡೋಸ್‌ಗೆಂದೇ ಮಾಡಿದ್ದು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗಳಿಗೆ ಲಿನಕ್ಸ್ ಚಾಲಕಗಳು (ಡ್ರೈವರ್) ಸಿಗುತ್ತವೆಯಾದರೂ, ಕೆಲವು ಜಾಲತಾಣಗಳು ಕೇಳುವ ಸಹಿ ಹಾಕುವ ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ನಡೆಯಿತು. ಇವೆರಡಕ್ಕಾಗಿ ಒಂದು ಯಂತ್ರವನ್ನು ಪರವಾನಗಿ ಇರುವ ವಿಂಡೋಸ್‌ನಲ್ಲಿಯೇ ಉಳಿಸಿ, ಅದರಲ್ಲಿ ಇಮೇಲ್ ಮತ್ತು ಪೆನ್‌ಡ್ರೈವ್ ಬಳಕೆಯನ್ನು ಪೂರ್ತಿ ನಿಲ್ಲಿಸಿದೆವು. ಎಲ್ಲವನ್ನೂ ಬದಲಿಸಲೇಬೇಕೆಂದು ಹಠ ಹಿಡಿದಿದ್ದರೆ ಮಾರ್ಚ್ ಅಂತ್ಯದ ಲೆಕ್ಕದ ಹೊತ್ತಿಗೆ ಮೂರನ್ನೂ ಮರಳಿ ವಿಂಡೋಸ್‌ಗೆ ತರಬೇಕಾಗುತ್ತಿತ್ತು.

ಪ್ರಿಂಟರ್‌ಗಳಲ್ಲಿ ಎಪ್ಸನ್ ಮಾದರಿಯ ಡಾಟ್ ಮ್ಯಾಟ್ರಿಕ್ಸ್ ಯಂತ್ರಗಳು ಯಾವ ತಕರಾರೂ ಇಲ್ಲದೆ ನಡೆದವು, ಎಚ್‌ಪಿಯವೂ ಸರಿಯೇ. ಎಲ್ಲ ಕಚೇರಿಗಳಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ನಮ್ಮನ್ನು ಎರಡು ವಾರ ಸತಾಯಿಸಿತು. ಅದು ಕ್ಯಾಪ್ಟ್ ಎಂಬ ಕ್ಯಾನನ್‌ನದೇ ಆದ ಭಾಷೆಯಲ್ಲಿ ಮಾತನಾಡುವುದರಿಂದ ಸಾಮಾನ್ಯ ಚಾಲಕ ಅದಕ್ಕೆ ಹೊಂದುವುದಿಲ್ಲ. ಬದಲಿಸುವ ಮುನ್ನ ಪ್ರತಿ ಸಂಘಕ್ಕೆ ಹೋಗಿ ಪ್ರಿಂಟರ್‌ಗಳ ಪಟ್ಟಿಯನ್ನು ಬರೆದು ತರಬೇಕು.

ನಾನು ಹೆಚ್ಚು ಹೇಳಬೇಕಾದದ್ದು ಕನ್ನಡದ ಕಡತಗಳ ಬಗ್ಗೆ. ನಮ್ಮ ಠರಾವುಗಳು, ನೋಟಿಸುಗಳು, ವಾರ್ಷಿಕ ವರದಿಗಳು ಇಪ್ಪತ್ತು ವರ್ಷಗಳಿಂದ ನುಡಿ ತಂತ್ರಾಂಶದಲ್ಲಿ, ಅದರಲ್ಲೂ ಯೂನಿಕೋಡ್ (ಎಲ್ಲ ಭಾಷೆಗಳಿಗೂ ಒಂದೇ ಅಕ್ಷರ ಸಂಕೇತ) ಅಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪಾಗಿವೆ. ಅವುಗಳನ್ನು ಲಿಬ್ರೆಆಫೀಸ್‌ನಲ್ಲಿ ತೆರೆದಾಗ ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದವು. ನಮ್ಮ ಹಿರಿಯ ಗುಮಾಸ್ತರು ಕಡತಗಳೆಲ್ಲ ಹೋದವೆಂದೇ ಗಾಬರಿಯಾದರು. ನಿಜದಲ್ಲಿ ಏನೂ ಹೋಗಿರಲಿಲ್ಲ. ಮುಕ್ತ ಪರಿವರ್ತಕಗಳನ್ನು ಬಳಸಿ ಅವುಗಳನ್ನು ಯೂನಿಕೋಡ್‌ಗೆ ತಂದೆವು. ಪರಿವರ್ತನೆಯಲ್ಲಿ ಹೆಚ್ಚು ತಪ್ಪುವುದು ಅರ್ಕಾವೊತ್ತು, ಏಕೆಂದರೆ ಹಳೆಯ ವಿನ್ಯಾಸದಲ್ಲಿ ಅದು ಅಕ್ಷರದ ನಂತರ ಬರುವ ಚಿಹ್ನೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. "ಕಾರ್ಯದರ್ಶಿ" ಎಂಬ ಪದ ಪ್ರತಿ ಠರಾವಿನ ಕೊನೆಗೂ ಇರುವುದರಿಂದ, ಅದು ಸರಿಯಾಗಿ ಬಂದಿದೆಯೇ ಎಂದು ಮೊದಲು ನೋಡುವ ಪದ್ಧತಿ ಇಟ್ಟುಕೊಂಡೆವು. ಸದಸ್ಯರ ಹೆಸರುಗಳನ್ನಂತೂ ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಹೋಲಿಸಿ ನೋಡಲೇಬೇಕು.

ಟೈಪಿಂಗ್‌ನಲ್ಲಿ ಒಂದು ಸಂತೋಷದ ಸಂಗತಿಯಿತ್ತು. ಲಿನಕ್ಸ್‌ನ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯಲ್ಲಿ ಕೆಜಿಪಿ ಎಂಬ ಹೆಸರಿನ ಕೀಲಿಮಣೆ ವಿನ್ಯಾಸವಿದೆ. ಅದು ನುಡಿಯವರಿಗೆ ಬೆರಳಿಗೆ ಅಭ್ಯಾಸವಾದ ವಿನ್ಯಾಸವೇ. ಅದನ್ನು ಹಾಕಿಕೊಟ್ಟ ದಿನ ನಮ್ಮ ಹಿರಿಯ ಗುಮಾಸ್ತರು ಮೊದಲಿನ ವೇಗದಲ್ಲಿಯೇ ಒಂದು ಪೂರ್ತಿ ನೋಟಿಸು ಟೈಪ್ ಮಾಡಿ, "ಇದಾದರೆ ಆಗುತ್ತದೆ" ಎಂದರು. ನನ್ನ ದೃಷ್ಟಿಯಲ್ಲಿ ನಮ್ಮ ಬದಲಾವಣೆ ಯಶಸ್ವಿಯಾದದ್ದು ಆ ಕ್ಷಣದಲ್ಲಿ. ನಿಮ್ಮ ಕೇಂದ್ರದ ಎಲ್ಲ ಯಂತ್ರಗಳಲ್ಲೂ ಇದು ಮೊದಲ ದಿನವೇ ಸಿದ್ಧವಾಗಿರಲಿ.

ಉತ್ತರ 4: ಅಂಕೋಲಾ ಮೂಲ, ಈಗ ಬೆಂಗಳೂರಿನಲ್ಲಿ ಭದ್ರತಾ ತಂತ್ರಜ್ಞ

ಕಾರವಾರದ ಸರ್ ಹೇಳಿದ್ದಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ದೂರದಿಂದಲೇ ಯಂತ್ರ ಸರಿಪಡಿಸುವ ಸೌಲಭ್ಯ ನಿಮಗೆ ಬೇಕೇ ಬೇಕು, ಜೋಯಿಡಾದ ಒಳಹಳ್ಳಿಗೆ ಪ್ರತಿ ಬಾರಿ ಹೋಗಿಬರಲು ಆಗುವುದಿಲ್ಲ. ಆದರೆ ಆ ಸೌಲಭ್ಯ ಬಂದ ದಿನ ನಲವತ್ತು ಸಂಘಗಳ ಬೀಗದ ಕೈಗಳು ನಿಮ್ಮ ಒಂದೇ ಗೂಟದಲ್ಲಿ ತೂಗತೊಡಗುತ್ತವೆ. ದಾಳಿ ಮಾಡುವವನಿಗೆ ಇನ್ನು ಸಂಘಗಳು ಬೇಡ, ನೀವು ಸಾಕು. ಎಲ್ಲರಿಗೂ ಗೊತ್ತಿರುವ ಒಂದು ಪಾಸ್‌ವರ್ಡ್ ಎಂದಿಗೂ ಇರಬಾರದು. ಪ್ರತಿ ಸಿಬ್ಬಂದಿಗೂ ಅವರದೇ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತ ಪ್ರವೇಶ) ಕೀಲಿ, ಸಾಧ್ಯವಾದರೆ ಹಾರ್ಡ್‌ವೇರ್ ಕೀಲಿ, ವೈರ್‌ಗಾರ್ಡ್ (ಸುರಕ್ಷಿತ ಖಾಸಗಿ ಜಾಲದ ತಂತ್ರಾಂಶ) ಮೂಲಕ ಒಂದೇ ಬಾಗಿಲಿನಿಂದ ಪ್ರವೇಶ, ಯಾರು ಯಾವಾಗ ಯಾವ ಯಂತ್ರಕ್ಕೆ ಹೋದರೆಂಬ ದಾಖಲೆ, ಕೆಲಸ ಬಿಟ್ಟವರ ಕೀಲಿಯನ್ನು ಅದೇ ಸಂಜೆ ತೆಗೆಯುವ ನಿಯಮ. ಪರದೆಯನ್ನು ನೋಡುವ ಮುನ್ನ ಎದುರಿನ ಗುಮಾಸ್ತರ ಒಪ್ಪಿಗೆ ಪಡೆಯಬೇಕು, ಅಲ್ಲಿ ಸದಸ್ಯರ ಸಾಲದ ವಿವರ ತೆರೆದಿರುತ್ತದೆ.

ಅಪ್‌ಡೇಟ್‌ಗಳ ವಿಷಯದಲ್ಲಿ 2024ರ ಎಕ್ಸ್‌ಝಡ್ ಪ್ರಕರಣವನ್ನು ನಿಮ್ಮ ಪಾಠಕ್ರಮದಲ್ಲಿ ಸೇರಿಸಿ. ಎಲ್ಲೆಡೆ ಬಳಕೆಯಲ್ಲಿರುವ, ಕಡತ ಕುಗ್ಗಿಸುವ ಆ ಪುಟ್ಟ ತಂತ್ರಾಂಶವನ್ನು ಮುಖ್ಯವಾಗಿ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ನೆರವಿನ ನೆಪದಲ್ಲಿ ಬಂದ ಅಪರಿಚಿತನೊಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ಅವರ ವಿಶ್ವಾಸ ಗಳಿಸಿ, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲನ್ನು ಸೇರಿಸಿದ. ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ ತಂತ್ರಾಂಶದ ಅಭಿವೃದ್ಧಿಗಾರ ಆಂಡ್ರೆಸ್ ಫ್ರಾಯಿಂಡ್ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಗಮನಿಸಿ, ಬೆನ್ನುಹತ್ತಿ, ಮಾರ್ಚ್ 29ರಂದು ಅದನ್ನು ಬಹಿರಂಗಪಡಿಸಿದರು. ಡೆಬಿಯನ್‌ನ ಸ್ಥಿರ ಆವೃತ್ತಿಗೆ ಅದು ತಲುಪಿರಲಿಲ್ಲ; ಪರೀಕ್ಷಾ ಆವೃತ್ತಿಗಳಿಗೆ ಬಂದಿತ್ತು. ಸ್ಥಿರ ಆವೃತ್ತಿಯನ್ನೇ ಏಕೆ ಬಳಸಬೇಕೆಂದು ವಿದ್ಯಾರ್ಥಿಗಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ನಿಮ್ಮಲ್ಲೂ ಅಪ್‌ಡೇಟ್ ಮೊದಲು ಕೇಂದ್ರದ ಎರಡು ಯಂತ್ರಗಳಿಗೆ ಬರಲಿ, ಒಂದು ದಿನ ನೋಡಿ ಆಮೇಲೆ ಸಂಘಗಳಿಗೆ ಹೋಗಲಿ. ಇಂಟರ್ನೆಟ್ ನಿಧಾನವಿರುವಲ್ಲಿ, ಇಳಿಸಿದ್ದನ್ನು ಉಳಿಸಿಟ್ಟು ಹಂಚುವ ಆಪ್ಟ್-ಕ್ಯಾಷರ್-ಎನ್‌ಜಿ ಹಾಕಿದರೆ ಹದಿನೆಂಟು ಯಂತ್ರಗಳಿಗೆ ಬೇಕಾದ ಪ್ಯಾಕೇಜ್ ಒಮ್ಮೆ ಮಾತ್ರ ಇಳಿಯುತ್ತದೆ.

ಕಾನೂನಿನ ಒಂದು ಮಾತು: ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಭದ್ರತಾ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಫೋನ್ ಎತ್ತುವವರ ಮೇಜಿನ ಮೇಲೆ ಆ ವರದಿಯ ನಮೂನೆ ಮುದ್ರಿಸಿ ಇಡಿ.

ಪ್ರಶ್ನೆ ಕೇಳಿದವರ ಮರುಮಾತು: ಶಿರಸಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆಯ ಸಭೆಯಲ್ಲಿ ನಿಮ್ಮ ಉತ್ತರಗಳನ್ನು ಮುದ್ರಿಸಿ ಹಂಚಿದೆ. ನಮ್ಮದೇ ಲಿನಕ್ಸ್ ಎಂಬ ಪ್ರಸ್ತಾಪವನ್ನು ಅದನ್ನು ತಂದವರೇ ಹಿಂದಕ್ಕೆ ಪಡೆದರು. ಡೆಬಿಯನ್ 13, ಎಕ್ಸ್‌ಎಫ್‌ಸಿಇ ಎಂದು ನಿರ್ಧಾರವಾಯಿತು. ಶುಲ್ಕದ ಚರ್ಚೆ ಬಿಸಿಯಾಗಿತ್ತು. ಸಣ್ಣ ಸಂಘಗಳಿಗೆ 3,000 ಹೊರೆಯೆಂದು ಇಬ್ಬರು ಒಪ್ಪಲಿಲ್ಲ. ಕೊನೆಗೆ ಎರಡನೆಯ ಸಿಬ್ಬಂದಿಯ ಸಂಬಳವನ್ನು ಮೊದಲ ಎರಡು ವರ್ಷ ನಮ್ಮ ಸಂಘವೇ ಸಾಮಾನ್ಯ ನಿಧಿಯಿಂದ ಕೊಡಬೇಕೆಂದು ಸರ್ವಸಾಧಾರಣ ಸಭೆಯ ಮುಂದಿಡಲು ತೀರ್ಮಾನಿಸಿದೆವು. ಸಭೆ ಒಪ್ಪದಿದ್ದರೆ ಒಬ್ಬರಿಂದ ಆರಂಭಿಸುವುದಿಲ್ಲ, ಇನ್ನೊಂದು ವರ್ಷ ಕಾಯುತ್ತೇವೆ ಎಂದೂ ಬರೆದುಕೊಂಡಿದ್ದೇವೆ.

ಬ್ಯಾಕಪ್ ಮಾತ್ರ ಕಾಯುವುದಿಲ್ಲ. ಬರುವ ಸೋಮವಾರದಿಂದ ನಮ್ಮ ಎಲ್ಲ ಸದಸ್ಯ ಸಂಘಗಳಲ್ಲಿ, ಈಗಿರುವ ವಿಂಡೋಸ್ ಯಂತ್ರಗಳಲ್ಲಿಯೇ, ಎರಡು ಡಿಸ್ಕ್ ಮತ್ತು ತಿಜೋರಿಯ ಪದ್ಧತಿ ಶುರುವಾಗುತ್ತದೆ. ಕುಮಟಾದ ಅಕ್ಕೋರಲ್ಲಿ ಒಂದು ವಿನಂತಿ: ಶನಿವಾರಗಳಲ್ಲಿ ನೀವು ಯಂತ್ರಗಳನ್ನು ಯಾವ ಯಾವ ರೀತಿಯಲ್ಲಿ ಕೆಡಿಸುತ್ತಿದ್ದಿರಿ ಎಂಬುದನ್ನು, ಸುಲಭದ್ದರಿಂದ ಕಠಿಣದ ಕ್ರಮದಲ್ಲಿ, ಬಿಡುವಾದಾಗ ಇಲ್ಲಿ ಬರೆಯುವಿರಾ? ಹೊನ್ನಾವರದ ಕಾರ್ಯದರ್ಶಿಯವರು ಎಲ್‌ಬಿಪಿ 2900 ಅನ್ನು ಕೊನೆಗೆ ಹೇಗೆ ಸರಿಪಡಿಸಿದರೆಂಬುದನ್ನೂ ತಿಳಿಸಬೇಕು. ಇಂದು ಬೆಳಿಗ್ಗೆ ನಾಲ್ಕು ಸಂಘಗಳಿಗೆ ಫೋನ್ ಮಾಡಿ ಕೇಳಿದೆ, ನಾಲ್ಕರಲ್ಲೂ ಅದೇ ಪ್ರಿಂಟರ್ ಇದೆ.